ಕೋಪಕ್ಕೊಂದು ದಾರಿ, ಆತಂಕಕ್ಕೊಂದು ದಾರಿ: ನಿಮಗೆ ಯಾವುದು ಸರಿ?

"ಯಾಕೋ ಟೆನ್ಷನ್ ಜಾಸ್ತಿ ಆಗಿದೆ" ಎಂದು ಯಾರಿಗಾದರೂ ಹೇಳಿ ನೋಡಿ. ಕೋಪಕ್ಕೂ ಆತಂಕಕ್ಕೂ ಸೇರಿಸಿ ಒಂದೇ ಸಲಹೆ ಬರುತ್ತದೆ: ಯೋಗ ಮಾಡಿ, ಉಸಿರು ಎಳೆದು ಬಿಡಿ, ಜಾಸ್ತಿ ಯೋಚನೆ ಮಾಡಬೇಡಿ. ಇದರಲ್ಲಿ ಕೆಲವು ಎರಡಕ್ಕೂ ಉಪಯೋಗವೇ. ಆದರೆ ಒಂದು ಮುಖ್ಯ ವಿಷಯದಲ್ಲಿ ಕೋಪಕ್ಕೆ ಆಗುವ ಮದ್ದು ಆತಂಕಕ್ಕೆ ಆಗುವುದಿಲ್ಲ. ಸಿಟ್ಟು ನೆತ್ತಿಗೇರಿದಾಗ ಆ ಜಾಗ ಬಿಟ್ಟು ಸ್ವಲ್ಪ ಹೊತ್ತು ದೂರ ಹೋಗುವುದು ಒಳ್ಳೆಯದು. ಆತಂಕವಾದಾಗೆಲ್ಲ ಹೀಗೆ ದೂರ ಸರಿಯುತ್ತ ಹೋದರೆ ಆತಂಕ ಇನ್ನೂ ಬಲಿಯುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದರ ಉಲ್ಟಾ. ಸಿಟ್ಟು ಬಂದವರು ಅಲ್ಲೇ ನಿಂತು ವಾದ ಮುಗಿಸಲು ಹೋಗುತ್ತಾರೆ. ದಿಗಿಲು ಇರುವವರು ಮದುವೆ ಮನೆ, ಬಸ್ಸು, ಫೋನ್ ಕರೆ ಎಂದು ಒಂದೊಂದನ್ನೇ ತಪ್ಪಿಸುತ್ತಾ ಬರುತ್ತಾರೆ.

ಅದಕ್ಕೇ ಇಲ್ಲಿ ದಾರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದೇನೆ. ಯಾವುದು ಯಾವಾಗ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಯಾವ ಹಂತದಲ್ಲಿ ಡಾಕ್ಟರ್ ಹತ್ತಿರ ಹೋಗಬೇಕು ಎಂಬುದನ್ನು ನನಗೆ ತಿಳಿದಷ್ಟು ನೇರವಾಗಿ ಹೇಳುತ್ತೇನೆ.

ಮೊದಲು ಇದು ಯಾವುದು ಎಂದು ಗುರುತಿಸಿ

ಮೈಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಡವಡವ ಅನ್ನುತ್ತದೆ, ಉಸಿರು ಜೋರಾಗುತ್ತದೆ, ಭುಜ ಬಿಗಿಯುತ್ತದೆ. ವ್ಯತ್ಯಾಸ ಇರುವುದು ಮನಸ್ಸು ಆಡುವ ಮಾತಿನಲ್ಲಿ. ಕೋಪದ ಮಾತು "ಇದು ಅನ್ಯಾಯ, ಹೀಗೆ ಮಾಡಬಾರದಿತ್ತು" ಎಂದಿರುತ್ತದೆ. ಆತಂಕದ ಮಾತು "ಏನಾದರೂ ಆಗಿಬಿಟ್ಟರೆ?" ಎಂದಿರುತ್ತದೆ.

ಕಷ್ಟ ಏನೆಂದರೆ, ಆತಂಕ ಎಷ್ಟೋ ಸಲ ಕೋಪದ ರೂಪದಲ್ಲೇ ಹೊರಗೆ ಬರುತ್ತದೆ. ರಾತ್ರಿ ಒಂಬತ್ತೂವರೆ. ಮಗಳು ಟ್ಯೂಷನ್‌ನಿಂದ ಬಂದಿಲ್ಲ, ಫೋನ್ ಸ್ವಿಚ್ಡ್ ಆಫ್. ಅಪ್ಪ ಹಾಲ್‌ನಿಂದ ಗೇಟಿಗೆ, ಗೇಟಿನಿಂದ ಹಾಲ್‌ಗೆ ಓಡಾಡುತ್ತಿದ್ದಾರೆ. ಟಿವಿ ಹಾಕಿದೆ, ನೋಡುತ್ತಿಲ್ಲ. ಪ್ರತಿ ಸ್ಕೂಟರ್ ಸದ್ದಿಗೂ ಕತ್ತು ಎತ್ತುತ್ತಾರೆ. ಹತ್ತು ಗಂಟೆಗೆ ಮಗಳು ಚಪ್ಪಲಿ ಬಿಡುತ್ತಿದ್ದ ಹಾಗೇ "ಮನೆ ಅನ್ನೋದು ಛತ್ರ ಅಂದ್ಕೊಂಡಿದೀಯಾ?" ಎಂದು ಹರಿಹಾಯುತ್ತಾರೆ. ಬ್ಯಾಟರಿ ಮುಗಿದಿತ್ತು ಎಂದು ಅವಳು ಹೇಳುವಷ್ಟರಲ್ಲಿ ಜಗಳ ಎಲ್ಲಿಗೋ ಹೋಗಿರುತ್ತದೆ. ಮಗಳಿಗೆ ಕಂಡದ್ದು ಸಿಟ್ಟು ಮಾತ್ರ. ಅರ್ಧ ಗಂಟೆ ಅಪ್ಪನ ಜೀವ ಬಾಯಿಗೆ ಬಂದದ್ದು ಅವಳಿಗೆ ಗೊತ್ತೇ ಆಗುವುದಿಲ್ಲ.

ಈ ಅಪ್ಪನಿಗೆ ಕೋಪ ಕಡಿಮೆ ಮಾಡುವ ಉಪಾಯಗಳನ್ನು ಎಷ್ಟು ಹೇಳಿಕೊಟ್ಟರೂ ಪೂರ್ತಿ ಪ್ರಯೋಜನವಿಲ್ಲ. ಅವರಿಗೆ ಬೇಕಿರುವುದು ಆತಂಕದ ದಾರಿ. ಹಾಗಾಗಿ ನಿಮ್ಮ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೈಯುವುದಕ್ಕೆ ಹತ್ತು ನಿಮಿಷ ಮುಂಚೆ ಮನಸ್ಸಿನಲ್ಲಿ ಏನು ಓಡುತ್ತಿತ್ತು? ಅಲ್ಲಿ ಭಯ ಸಿಕ್ಕಿದರೆ ಕೆಳಗಿನ ಆತಂಕದ ಭಾಗವನ್ನೇ ಮೊದಲು ಓದಿ.

ಇನ್ನೊಂದು ಮಾತು. ನಿದ್ದೆ ಕೆಟ್ಟಿದೆಯಾ, ಊಟ ತಪ್ಪಿದೆಯಾ, ದಿನಕ್ಕೆ ಐದಾರು ಸಲ ಕಾಫಿ ಆಗುತ್ತಿದೆಯಾ ಎಂದು ನೋಡಿಕೊಳ್ಳಿ. ಕೆಫೀನ್ ಜಾಸ್ತಿಯಾದರೂ ಎದೆ ಬಡಿತ, ಕೈ ನಡುಕ ಬರುತ್ತದೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಹೀಗೇ: ಬೆವರು, ನಡುಕ, ಸಿಡುಕು, ತೂಕ ಇಳಿಯುವುದು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯಕ್ಕೆ ತಿಂಗಳುಗಟ್ಟಲೆ ಮನಸ್ಸನ್ನು ದೂರುವುದು ಬೇಡ.

ಆ ಕ್ಷಣಕ್ಕೆ: ಉಸಿರೋ, ಎಣಿಕೆಯೋ, ಮೈ ಸಡಿಲಿಸುವುದೋ

ಒಂದರಿಂದ ಹತ್ತು ಎಣಿಸಿ ಎಂಬುದು ಎಲ್ಲರಿಗೂ ಗೊತ್ತಿರುವ ಉಪಾಯ. ಬಾಯಿಗೆ ಬಂದ ಮೊದಲ ಮಾತನ್ನು ತಡೆಯಲು ಅದು ಸಾಕು. ಅದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ. ಚೆನ್ನಾಗಿ ಕೆರಳಿದ ಮೈ ತಣ್ಣಗಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಹತ್ತು ಎಣಿಸಿ ಮತ್ತೆ ಅದೇ ವಾದಕ್ಕೆ ಇಳಿದರೆ ಹನ್ನೊಂದನೆಯ ಸೆಕೆಂಡಿಗೆ ಜಗಳ ಶುರು.

ಉಸಿರಾಟ ಇದಕ್ಕಿಂತ ಬಲವಾದದ್ದು. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬಿಟ್ಟಾಗ ಇಳಿಯುತ್ತದೆ. ಆದ್ದರಿಂದ ಹೊರಗೆ ಬಿಡುವುದನ್ನು ಉದ್ದ ಮಾಡಬೇಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಮಾಡಿದರೆ ಮೈಯ ಬಿಗಿತ ಇಳಿಯುವುದು ಗೊತ್ತಾಗುತ್ತದೆ. ಭ್ರಾಮರಿಯಲ್ಲಿ ದುಂಬಿಯ ಹಾಗೆ ಗುಂಯ್ ಎನ್ನುತ್ತಾ ಉಸಿರು ಬಿಡುತ್ತೇವಲ್ಲ, ಅಲ್ಲಿಯೂ ನಡೆಯುವುದು ಇದೇ.

ಇಲ್ಲಿ ಜನ ಎಡವುವ ಜಾಗ ಒಂದಿದೆ. "ದೀರ್ಘವಾಗಿ ಉಸಿರಾಡಿ" ಎಂದರೆ ಎದೆ ತುಂಬ ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆಯುತ್ತಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ತುದಿ ಜುಮ್ಮೆನ್ನುತ್ತದೆ, ಗಾಬರಿ ಇನ್ನೂ ಏರುತ್ತದೆ. ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾದರೆ ಸಾಕು.

ಇನ್ನು ಕೆಲವರಿಗೆ ಉಸಿರಿನ ಕಡೆ ಗಮನ ಹೋದರೇ ದಿಗಿಲು. "ಉಸಿರು ಸಿಗುತ್ತಿಲ್ಲವೇನೋ" ಎಂಬ ಅನುಮಾನ ಶುರುವಾಗುತ್ತದೆ. ಅಂಥವರಿಗೆ ಮೈ ಸಡಿಲಿಸುವ ವಿಧಾನವೇ ಒಳ್ಳೆಯದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು ಇದು. ಕುರ್ಚಿಯಲ್ಲಿ ಕೂತು ಎರಡೂ ಕೈ ಮುಷ್ಟಿ ಬಿಗಿ ಹಿಡಿಯಿರಿ. ಉಗುರು ಅಂಗೈಗೆ ಒತ್ತುವುದು ಗೊತ್ತಾಗಬೇಕು. ಐದು ಸೆಕೆಂಡ್ ಹಾಗೇ ಇರಲಿ. ಆಮೇಲೆ ಒಮ್ಮೆಲೇ ಬಿಟ್ಟುಬಿಡಿ. ಕೈ ಭಾರವಾಗಿ, ಸ್ವಲ್ಪ ಬೆಚ್ಚಗಾಗಿ ತೊಡೆಯ ಮೇಲೆ ಬೀಳುತ್ತದೆ. ಹತ್ತು ಹದಿನೈದು ಸೆಕೆಂಡ್ ಆ ಸಡಿಲವನ್ನೇ ಗಮನಿಸಿ. ನಂತರ ಭುಜವನ್ನು ಕಿವಿಯವರೆಗೆ ಎತ್ತಿ ಬಿಡಿ. ಆಮೇಲೆ ಹುಬ್ಬು, ದವಡೆ, ಹೊಟ್ಟೆ, ಕಾಲು. ಪೂರ್ತಿ ಮಾಡಲು ಹದಿನೈದು ನಿಮಿಷ ಬೇಕು, ರಾತ್ರಿ ಮಲಗುವ ಮುಂಚೆ ಒಳ್ಳೆಯದು. ಆಫೀಸಿನಲ್ಲಿ ಮೇಜಿನ ಕೆಳಗೆ ಮುಷ್ಟಿ, ಭುಜ ಇಷ್ಟೇ ಮಾಡಿದರೂ ನಡೆಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ, ಧ್ಯಾನಕ್ಕೆ ಕೂತರೆ ಮನಸ್ಸು ಇನ್ನೂ ಓಡುತ್ತದೆ ಎನ್ನುವವರಿಗೆ ಮೊದಲು ಹೇಳಿಕೊಡಬೇಕಾದದ್ದು ಇದನ್ನೇ.

ಎದೆ ನೋವು ಮೊದಲ ಸಲ ಬಂದಿದ್ದರೆ, ಅದರಲ್ಲೂ ಕೈ ಅಥವಾ ದವಡೆಗೆ ಹರಡುತ್ತಿದ್ದರೆ, ಈ ಯಾವುದನ್ನೂ ಮಾಡುತ್ತಾ ಕೂರಬೇಡಿ. ಗ್ಯಾಸ್ ಇರಬೇಕು, ಟೆನ್ಷನ್ ಇರಬೇಕು ಎಂದುಕೊಳ್ಳುವ ಮುಂಚೆ ಒಂದು ಇಸಿಜಿ ಆಗಲೇಬೇಕು.

ಸಿಟ್ಟನ್ನು ಹೊರಹಾಕಬೇಕೋ, ತಣಿಸಬೇಕೋ

ಒಳಗೇ ಇಟ್ಟುಕೊಂಡರೆ ಕುಕ್ಕರ್ ಥರ ಸಿಡಿಯುತ್ತದೆ, ಆದ್ದರಿಂದ ಕೂಗಿ, ದಿಂಬಿಗೆ ಗುದ್ದಿ ಹೊರಹಾಕಿಬಿಡಬೇಕು ಎಂಬ ನಂಬಿಕೆ ತುಂಬಾ ಹಳೆಯದು. ಕೇಳಲು ಸರಿ ಎನಿಸುತ್ತದೆ. ಆದರೆ ಸಂಶೋಧನೆ ಇದರ ಪರವಾಗಿಲ್ಲ. 2024ರಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ ಭಾಗವಹಿಸಿದವರು ಹತ್ತು ಸಾವಿರಕ್ಕೂ ಹೆಚ್ಚು ಜನ. ಮೈಯ ಬಿಸಿ ಇಳಿಸುವ ಉಸಿರಾಟ, ಧ್ಯಾನ, ಯೋಗ, ಸ್ನಾಯು ಸಡಿಲಿಕೆ ಇವು ಕೋಪ ಕಡಿಮೆ ಮಾಡಿದವು. ಮೈಯ ಬಿಸಿ ಏರಿಸುವ ಚಟುವಟಿಕೆಗಳಿಂದ ಒಟ್ಟಾರೆ ಉಪಯೋಗವಾಗಲಿಲ್ಲ. ಜಾಗಿಂಗ್ ಅಂತೂ ಕೋಪ ಹೆಚ್ಚಿಸುವ ಕಡೆಗೇ ವಾಲಿತ್ತು.

ಹಾಗೆಂದು ಓಡುವುದನ್ನು, ಜಿಮ್ ಅನ್ನು ಬಿಡಬೇಡಿ. ದಿನಾ ಮಾಡುವ ವ್ಯಾಯಾಮ ನಿದ್ದೆಗೂ ಹೃದಯಕ್ಕೂ ಆತಂಕಕ್ಕೂ ಒಳ್ಳೆಯದೇ. ಜಗಳದ ಬಿಸಿಯಲ್ಲೇ ಟ್ರೆಡ್‌ಮಿಲ್ ಹತ್ತಿ, ಓಡುತ್ತಾ ಅದೇ ಮಾತುಗಳನ್ನು ತಲೆಯಲ್ಲಿ ತಿರುವಿ ಹಾಕುವುದರಿಂದ ಕೋಪ ಇಳಿಯುವುದಿಲ್ಲ, ಅಷ್ಟೇ. ಆಗ ನಿಧಾನವಾದ ಒಂದು ನಡಿಗೆ ಸಾಕು.

ಫೋನ್ ಮಾಡಿ ಯಾರಿಗಾದರೂ ಹೇಳಿಕೊಳ್ಳುವುದು ಹೇಗೆ? ಅದು ಯಾರಿಗೆ, ಎಷ್ಟು ಸಲ ಎಂಬುದರ ಮೇಲೆ ಹೋಗುತ್ತದೆ. ನಾದಿನಿ ಆಡಿದ ಒಂದು ಮಾತನ್ನು ಮೊದಲು ಅಕ್ಕನಿಗೆ, ಆಮೇಲೆ ಗೆಳತಿಗೆ, ಸಂಜೆ ಪಕ್ಕದ ಮನೆಯವರಿಗೆ ಹೇಳಿದರೆ ಆ ಸಿಟ್ಟು ಮೂರು ಸಲ ಹೊಸದಾಗುತ್ತದೆ. "ಅಯ್ಯೋ, ನಾನಾಗಿದ್ರೆ ಬಿಡ್ತಾ ಇರ್ಲಿಲ್ಲ" ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಬೆಂಕಿ ಹೆಚ್ಚುತ್ತದೆ. "ಸರಿ, ಈಗ ಏನು ಮಾಡೋಣ ಅಂತೀಯ?" ಎಂದು ಕೇಳುವ ಒಬ್ಬರಿಗೆ ಒಂದೇ ಸಲ ಹೇಳಿ. ಅಂಥವರು ಇಲ್ಲದಿದ್ದರೆ ಬರೆಯಿರಿ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಮೂರು ನಾಲ್ಕು ದಿನ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಕಾಗುಣಿತದ ಚಿಂತೆ ಇಲ್ಲದೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುವ ವಿಧಾನ ಅದು. ವಾಟ್ಸಾಪ್‌ನಲ್ಲಿ ಬೇಡ. ಕೈ ತಪ್ಪಿ ಹೋದರೆ ಕಥೆ ಬೇರೆಯೇ ಆಗುತ್ತದೆ. ಹಾಳೆಯ ಮೇಲೆ ಬರೆದು ಹರಿದು ಹಾಕಿ.

ಈಗ ಎದ್ದು ಹೋಗುವ ವಿಷಯ. ಇದರಲ್ಲಿ ಎರಡು ಬಗೆ ಇದೆ. ಬಾಗಿಲು ಧಡಾರ್ ಎಂದು ಹಾಕಿ ಹೋಗುವುದು, ಆಮೇಲೆ ಮೂರು ದಿನ ಮುಖ ಊದಿಸಿಕೊಂಡು ಮಾತು ಬಿಡುವುದು ಒಂದು. ಅದು ಶಿಕ್ಷೆ. ಎದುರಿನವರಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಇನ್ನೊಂದು, ಹೇಳಿ ಹೋಗುವುದು ಮತ್ತು ಹೇಳಿದ ಹೊತ್ತಿಗೆ ವಾಪಸ್ ಬರುವುದು. "ರೀ, ಈಗ ಬೇಡ. ನನಗೂ ಸಿಟ್ಟು ಬಂದಿದೆ. ಊಟ ಆದ್ಮೇಲೆ ಕೂತು ಮಾತಾಡೋಣ." ಇಷ್ಟು ಹೇಳಿ ಎದ್ದರೆ ಸಾಕು. ಆದರೆ ಊಟವಾದ ಮೇಲೆ ನಿಜವಾಗಿ ಕೂರಬೇಕು. ಕೂರದಿದ್ದರೆ ಮುಂದಿನ ಸಲ ಆ ಮಾತನ್ನು ಯಾರೂ ನಂಬುವುದಿಲ್ಲ.

ಕೂತಾಗ ಹೇಗೆ ಶುರು ಮಾಡುತ್ತೀರಿ ಎಂಬುದರ ಮೇಲೇ ಅರ್ಧ ನಿಂತಿದೆ. "ನೀವು ಯಾವತ್ತೂ ಹೀಗೇ, ನಿಮ್ಮ ಮನೆಯವರೆಲ್ಲ ಹೀಗೇ" ಎಂದರೆ ಇಪ್ಪತ್ತು ವರ್ಷದ ಲೆಕ್ಕ ಹೊರಗೆ ಬರುತ್ತದೆ. "ನಿನ್ನೆ ನಿಮ್ಮಕ್ಕನ ಮುಂದೆ ನನ್ನ ಸಾರಿನ ಬಗ್ಗೆ ಹಾಗೆ ಅಂದ್ರಲ್ಲ, ನನಗೆ ತುಂಬಾ ಬೇಜಾರಾಯ್ತು. ಇನ್ನೊಂದ್ಸಲ ಹಾಗೆ ಬೇಡ" ಎಂದರೆ ಮಾತು ಒಂದೇ ವಿಷಯದಲ್ಲಿ ನಿಲ್ಲುತ್ತದೆ. ಸಿಟ್ಟನ್ನು ನುಂಗಿಕೊಂಡದ್ದೂ ಇಲ್ಲ, ಎರಚಿದ್ದೂ ಇಲ್ಲ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಕೈ ಎತ್ತುವುದು, ಸಾಮಾನು ಎಸೆಯುವುದು, ಹೆದರಿಸಿ ಇಟ್ಟುಕೊಳ್ಳುವುದು ನಡೆಯುತ್ತಿದ್ದರೆ ಅದನ್ನು "ಅವರಿಗೆ ಸ್ವಲ್ಪ ಕೋಪ ಜಾಸ್ತಿ" ಎಂದು ಬಿಡಬೇಡಿ. ಆಫೀಸಿನಲ್ಲಿ ಬಾಸ್ ಮುಂದೆ ತಡೆದುಕೊಳ್ಳಬಲ್ಲವರು ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಮಾತ್ರ ತಡೆದುಕೊಳ್ಳುವುದಿಲ್ಲ ಎಂದರೆ ಅದು ಉಸಿರಾಟದಿಂದ ಸರಿಯಾಗುವ ವಿಷಯ ಅಲ್ಲ. ಹೊಡೆಸಿಕೊಳ್ಳುತ್ತಿರುವವರು ತಾಳ್ಮೆ ಕಲಿಯಬೇಕಾಗಿಲ್ಲ. ಅವರಿಗೆ ಮೊದಲು ಬೇಕಿರುವುದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಆತಂಕಕ್ಕೆ: ತಕ್ಷಣದ ಸಮಾಧಾನವೋ, ಸ್ವಲ್ಪ ತಡೆದುಕೊಳ್ಳುವುದೋ

ಮಗ ಬೆಂಗಳೂರಿನ ಪಿಜಿಯಲ್ಲಿ, ಅಮ್ಮ ಹಾಸನದಲ್ಲಿ. ಬೆಳಿಗ್ಗೆ ಎದ್ದನಾ ಎಂದು ಒಂದು ಫೋನ್, ಆಫೀಸ್ ತಲುಪಿದನಾ ಎಂದು ಇನ್ನೊಂದು, ಊಟ, ವಾಪಸ್ ಬಂದದ್ದು, ಮಲಗುವ ಮುಂಚೆ. ಎತ್ತದಿದ್ದರೆ ಅವನ ರೂಮ್‌ಮೇಟ್‌ಗೆ. ಮಗನ ದನಿ ಕೇಳಿದ ತಕ್ಷಣ ಅಮ್ಮನ ಎದೆ ಹಗುರಾಗುತ್ತದೆ. ಆ ಹಗುರ ಅರ್ಧ ಗಂಟೆ ಇರುತ್ತದೆ. ಆಮೇಲೆ ಟಿವಿಯಲ್ಲಿ ಅಪಘಾತದ ಸುದ್ದಿ ಬಂದರೆ ಮತ್ತೆ ಫೋನ್. ವರ್ಷ ಕಳೆದಂತೆ ಕರೆಗಳು ಜಾಸ್ತಿಯಾಗುತ್ತವೆ, ನೆಮ್ಮದಿ ಕಡಿಮೆಯಾಗುತ್ತದೆ.

ಇಲ್ಲಿ ಪ್ರೀತಿಯಲ್ಲಿ ಏನೂ ಕೊರತೆ ಇಲ್ಲ. ಆದರೆ ಪ್ರತಿ ಫೋನೂ ಅಮ್ಮನ ಮನಸ್ಸಿಗೆ ಒಂದು ಪಾಠ ಹೇಳಿಕೊಡುತ್ತಿದೆ: ಅಪಾಯ ಇತ್ತು, ಫೋನ್ ಮಾಡಿದ್ದರಿಂದ ತಪ್ಪಿತು. ಗ್ಯಾಸ್ ಆಫ್ ಮಾಡಿದೆನಾ ಎಂದು ನಾಲ್ಕು ಸಲ ನೋಡುವುದು, ಸಣ್ಣ ತಲೆನೋವಿಗೂ ಗೂಗಲ್ ಮಾಡುವುದು, "ಏನೂ ಆಗಲ್ಲ ಅಲ್ವಾ?" ಎಂದು ಗಂಡನನ್ನು ಕೇಳಿ ಕೇಳಿ ಹೇಳಿಸಿಕೊಳ್ಳುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು ಎಲ್ಲವೂ ಇದೇ ಜಾತಿ. ಆ ಹೊತ್ತಿಗೆ ಸುಖ, ಮುಂದಕ್ಕೆ ಕಷ್ಟ.

ಇದಕ್ಕೆ ಎದುರಾದ ದಾರಿ, ಸ್ವಲ್ಪ ಸ್ವಲ್ಪವಾಗಿ ತಡೆದುಕೊಳ್ಳುವುದು. ಒಂದೇ ದಿನ ಫೋನ್ ನಿಲ್ಲಿಸಿಬಿಡಬೇಕಿಲ್ಲ. ಅಮ್ಮ ಮಗ ಇಬ್ಬರೂ ಮಾತಾಡಿಕೊಂಡು ಮೊದಲ ವಾರ ಮಧ್ಯಾಹ್ನದ ಕರೆ ಬಿಡುವುದು. ಫೋನ್ ಕೈಗೆತ್ತಿಕೊಳ್ಳಬೇಕು ಎನಿಸಿದಾಗ ಹತ್ತು ನಿಮಿಷ ಮುಂದೂಡುವುದು. ಆ ಹತ್ತು ನಿಮಿಷ ಚಡಪಡಿಕೆ ಇರುತ್ತದೆ. ಅದು ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಯಾರೂ ಏನೂ ಮಾಡದೆಯೂ ಅದು ಇಳಿಯುತ್ತದೆ ಎಂಬುದನ್ನು ಮೈಯೇ ಕಲಿಯಬೇಕು. ಹೇಳಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಆಮೇಲೆ ಆಫೀಸ್ ತಲುಪಿದ ಕರೆ ಬಿಡುವುದು. ಕೊನೆಗೆ ರಾತ್ರಿಯ ಒಂದು ಕರೆ ಉಳಿಯಲಿ. ಅದರಲ್ಲಿ ಊಟದ ವಿಷಯ, ಊರಿನ ವಿಷಯ ಮಾತಾಡಲು ಈಗ ಜಾಗ ಇರುತ್ತದೆ.

ಬಸ್ಸಿನಲ್ಲಿ ಹೋಗಲು ಭಯವೇ? ಮೊದಲ ವಾರ ಜೊತೆಗೆ ಒಬ್ಬರನ್ನು ಕರೆದುಕೊಂಡು ಎರಡು ಸ್ಟಾಪ್. ಆಮೇಲೆ ಒಬ್ಬರೇ ಎರಡು ಸ್ಟಾಪ್. ಆಮೇಲೆ ನಾಲ್ಕು. ಮಧ್ಯದಲ್ಲಿ ಎದೆ ಹೊಡೆದುಕೊಂಡರೆ ತಕ್ಷಣ ಇಳಿಯಬೇಡಿ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಆ ದಿಗಿಲು ಕಡಿಮೆಯಾದ ಮೇಲೆ ಬಸ್ಸಿನಿಂದ ಇಳಿಯಿರಿ. ತಲೆಸುತ್ತಿ ಬೀಳುವಷ್ಟು ತೀವ್ರವಾದ ಭಯ ಇದ್ದರೆ ಇದನ್ನು ಒಬ್ಬರೇ ಮಾಡಲು ಹೋಗದೆ, ಇದರಲ್ಲಿ ತರಬೇತಿ ಇರುವವರ ಜೊತೆ ಮಾಡುವುದು ಒಳ್ಳೆಯದು.

ಇಡೀ ದಿನ ಒಂದಲ್ಲ ಒಂದು ಚಿಂತೆ ಓಡುತ್ತಲೇ ಇರುತ್ತದೆ ಎನ್ನುವವರಿಗೆ ಎರಡು ದಾರಿ ಇದೆ. ಮನಸ್ಸನ್ನು ಬೇರೆ ಕಡೆ ತಿರುಗಿಸುವುದು ಒಂದು: ಸೀರಿಯಲ್, ರೀಲ್ಸ್, ಕೆಲಸ. ಇದು ಆ ಹೊತ್ತಿಗೆ ಸರಿ. ರಾತ್ರಿ ದೀಪ ಆರಿಸಿದ ಮೇಲೆ ಚಿಂತೆಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಇನ್ನೊಂದು, ಚಿಂತೆಗೇ ಒಂದು ಹೊತ್ತು ಕೊಡುವುದು. ಸಂಜೆ ಆರಕ್ಕೆ ಅರ್ಧ ಗಂಟೆ ಎಂದು ಇಟ್ಟುಕೊಳ್ಳಿ. ಹಗಲು ಬಂದ ಚಿಂತೆಯನ್ನು ಚೀಟಿಯಲ್ಲಿ ಒಂದು ಸಾಲು ಬರೆದು ಸಂಜೆಗೆ ಬಿಡಿ. ಸಂಜೆ ಆ ಚೀಟಿ ತೆಗೆದು ಕೂತಾಗ ಅರ್ಧ ಚಿಂತೆಗಳು ಆಗಲೇ ಹಳೆಯದಾಗಿರುತ್ತವೆ. ಉಳಿದವುಗಳಲ್ಲಿ ನಾಳೆ ಮಾಡಬಹುದಾದ ಒಂದು ಕೆಲಸ ಇದೆಯಾ ಎಂದು ನೋಡಿ. ಸಾಲದ ಕಂತಿನ ಚಿಂತೆ ಇದ್ದರೆ ಬ್ಯಾಂಕಿಗೆ ಹೋಗಿ ಮಾತಾಡುವುದು ಒಂದು ಕೆಲಸ. ಬಡ್ಡಿ ಏರಿಬಿಟ್ಟರೆ ಎಂದು ಯೋಚಿಸುವುದು ಕೆಲಸ ಅಲ್ಲ. ನನಗೆ ಕೇಳಿದರೆ, ಈ ಎರಡನೆಯದನ್ನೇ ಆರಿಸಿಕೊಳ್ಳಿ. ಆದರೆ ಮಲಗುವ ಹೊತ್ತಿಗೆ ಹತ್ತಿರ ಬೇಡ.

ದೇವರ ನಾಮ, ಜಪ, ಪೂಜೆ? ಅದರಿಂದ ಮನಸ್ಸು ಇಳಿದು ಮತ್ತೆ ಕೆಲಸಕ್ಕೆ ಕೈ ಹಚ್ಚಲು ಆಗುತ್ತಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ನೂರೆಂಟು ಸಲ ಹೇಳದಿದ್ದರೆ ಕೆಟ್ಟದ್ದಾಗುತ್ತದೆ, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಂದು ಶುರುವಾಗಿದ್ದರೆ ಮಾತ್ರ ಅದನ್ನು ಡಾಕ್ಟರಿಗೆ ಹೇಳಿ.

ಯೋಗ, ಧ್ಯಾನ, ಮಾತಿನ ಚಿಕಿತ್ಸೆ, ಮಾತ್ರೆ

ಮೇಲಿನ ಉಪಾಯಗಳಿಂದ ಆಗದಿದ್ದಾಗ ಈ ನಾಲ್ಕರಲ್ಲಿ ಯಾವುದು ಎಂಬ ಪ್ರಶ್ನೆ ಬರುತ್ತದೆ. ಅದೃಷ್ಟಕ್ಕೆ ಇವನ್ನು ನೇರವಾಗಿ ಹೋಲಿಸಿದ ಅಧ್ಯಯನಗಳು ಇವೆ.

ಅಮೆರಿಕದಲ್ಲಿ ಅತಿ ಚಿಂತೆಯ ಕಾಯಿಲೆ ಇದ್ದ 226 ಜನರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿ ಪಡೆದವರಲ್ಲಿ ಸುಮಾರು ಶೇ 71 ಜನರಿಗೆ ಉಪಯೋಗವಾಯಿತು. ಕುಂಡಲಿನಿ ಯೋಗ ಮಾಡಿದವರಲ್ಲಿ ಶೇ 54. ಬರೀ ಒತ್ತಡದ ಬಗ್ಗೆ ಪಾಠ ಕೇಳಿದವರಲ್ಲಿ ಶೇ 33. ಯೋಗದಿಂದ ಉಪಯೋಗ ಇದೆ, ಆದರೆ ಸಿಬಿಟಿಯಷ್ಟು ಇಲ್ಲ. ಆರು ತಿಂಗಳ ಮೇಲೆ ನೋಡಿದಾಗಲೂ ಸಿಬಿಟಿಯ ಫಲ ಉಳಿದಿತ್ತು. ಯೋಗದ ಗುಂಪಿನ ಫಲ ಪಾಠ ಕೇಳಿದವರಿಗಿಂತ ಸ್ಪಷ್ಟವಾಗಿ ಮೇಲೇನೂ ಇರಲಿಲ್ಲ. ಯೋಗ ನಮ್ಮದು ಎಂಬ ಪ್ರೀತಿ ನನಗೂ ಇದೆ. ಆದರೂ ತೀವ್ರವಾದ ಆತಂಕ ಇರುವವರನ್ನು "ದಿನಾ ಪ್ರಾಣಾಯಾಮ ಮಾಡಿ ಸಾಕು" ಎಂದು ಕಳಿಸುವುದು ನ್ಯಾಯ ಅಲ್ಲ.

ಸಿಬಿಟಿ ಎಂದರೆ ಸುಮ್ನೆ ಮಾತಾಡಿ ಹಗುರಾಗುವುದಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಹನ್ನೆರಡರಿಂದ ಇಪ್ಪತ್ತು ಭೇಟಿ. ಯಾವ ಯೋಚನೆ ಬಂತು, ಅದು ಎಷ್ಟು ನಿಜ, ಅದರಿಂದ ಏನು ಮಾಡಿದಿರಿ ಎಂದು ಒಂದೊಂದಾಗಿ ಬಿಡಿಸುತ್ತಾರೆ. ಮನೆಗೆ ಹೋಂವರ್ಕ್ ಕೊಡುತ್ತಾರೆ. ಮೇಲೆ ಹೇಳಿದ ಬಸ್ಸಿನ ಅಭ್ಯಾಸ ಅಂಥದ್ದೇ. ಕೋಪಕ್ಕೂ ಇದೇ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಹೋಂವರ್ಕ್ ಮಾಡದವರಿಗೆ ಪ್ರಯೋಜನ ಕಡಿಮೆ.

ಧ್ಯಾನದ ವಿಷಯದಲ್ಲಿ 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಇದೆ. 276 ಜನರಲ್ಲಿ ಅರ್ಧದಷ್ಟು ಜನ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿಗೆ ಹೋದರು, ಉಳಿದವರು ಆತಂಕಕ್ಕೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ ತೆಗೆದುಕೊಂಡರು. ಆತಂಕ ಎರಡೂ ಕಡೆ ಒಂದೇ ಮಟ್ಟದಲ್ಲಿ ಇಳಿಯಿತು. ಅಡ್ಡಪರಿಣಾಮ ಮಾತ್ರೆಯವರಲ್ಲಿ ಜಾಸ್ತಿ. ಓದಿದ ತಕ್ಷಣ ಧ್ಯಾನವೇ ಗೆದ್ದಿತು ಎನಿಸುತ್ತದೆ. ಆದರೆ ಅವರಿಗೆ ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ ಇತ್ತು. ಎರಡು ಸಣ್ಣ ಮಕ್ಕಳಿರುವ ತಾಯಿಗೆ, ಎರಡು ಶಿಫ್ಟ್ ಮಾಡುವ ಡ್ರೈವರ್‌ಗೆ ಆ 45 ನಿಮಿಷ ಎಲ್ಲಿಂದ ಬರಬೇಕು? ನಿಮ್ಮ ದಿನದಲ್ಲಿ ಅದು ಸಿಗುತ್ತದಾ ಎಂದು ಮೊದಲು ನೋಡಿ, ಆಮೇಲೆ ಆರಿಸಿ.

ಮಾತ್ರೆಯ ಬಗ್ಗೆ ನಮ್ಮಲ್ಲಿ ಇರುವಷ್ಟು ಭಯ ಬೇರೆ ಯಾವುದರ ಬಗ್ಗೆಯೂ ಇಲ್ಲ. ಮನೋವೈದ್ಯರು ಕೊಡುವುದೆಲ್ಲ ನಿದ್ದೆ ಮಾತ್ರೆ, ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಎಂದು ಹೇಳುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಬಗೆ ಇರುವುದನ್ನು ತಿಳಿದುಕೊಳ್ಳಿ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್ ಥರದವು ನಿಧಾನವಾಗಿ ಕೆಲಸ ಮಾಡುತ್ತವೆ. ಫಲ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಆತಂಕ ಸ್ವಲ್ಪ ಹೆಚ್ಚೂ ಆಗಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ನಾಲ್ಕನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೆ ಒಮ್ಮೆಲೇ ಬಿಡಬಾರದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಬೇರೆ ಜಾತಿ. ಸ್ವಲ್ಪ ಹೊತ್ತಿನಲ್ಲೇ ಆರಾಮ ಕೊಡುತ್ತವೆ. ಅಭ್ಯಾಸವೂ ಆಗಿಬಿಡುತ್ತವೆ. ಕೆಲವು ವಾರಕ್ಕೆಂದು ಬರೆದುಕೊಟ್ಟ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕುಡಿತದ ಜೊತೆ ಇವು ಪ್ರಾಣಕ್ಕೇ ಅಪಾಯ.

ಕೋಪಕ್ಕೆ ಎಂದೇ ಒಂದು ಮಾತ್ರೆ ಇಲ್ಲ. ಕೋಪದ ಹಿಂದೆ ಖಿನ್ನತೆ, ಆತಂಕ, ಕುಡಿತ ಇದ್ದರೆ ವೈದ್ಯರು ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಸಿಡುಕು ತನ್ನಷ್ಟಕ್ಕೆ ಇಳಿಯುವುದನ್ನು ಆಗ ಕಾಣಬಹುದು.

ಯಾರ ಹತ್ತಿರ ಹೋಗಬೇಕು

ಮಾತ್ರೆ ಬರೆಯುವುದು ಮನೋವೈದ್ಯರು. ಅವರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಸಿಬಿಟಿಯಂಥದ್ದಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಕೇಳಿದರೆ ಸಂಖ್ಯೆ ಕೊಡುತ್ತಾರೆ. ಆಪ್ತಸಲಹೆಗಾರರು ಮನೆ, ಮದುವೆ, ಓದು, ಕೆಲಸದ ತೊಂದರೆಗಳಿಗೆ ಒಳ್ಳೆಯವರು. ಆದರೆ ಕೆಲವು ವಾರದ ಕೋರ್ಸ್ ಮಾಡಿದವರೂ ಆ ಬೋರ್ಡ್ ಹಾಕಿರುತ್ತಾರೆ. ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ಮೊದಲು ಮನೋವೈದ್ಯರನ್ನೇ ನೋಡಿ.

ಖಾಸಗಿಯಲ್ಲಿ ಕಾಯುವುದು ಕಡಿಮೆ, ಮಾತಾಡಲು ಸಮಯ ಜಾಸ್ತಿ, ಖರ್ಚೂ ಜಾಸ್ತಿ. ಪ್ರತಿ ವಾರದ ಥೆರಪಿ ಎಂದರೆ ತಿಂಗಳ ಬಜೆಟ್‌ಗೆ ತಟ್ಟುತ್ತದೆ. ಸರ್ಕಾರಿ ಕಡೆ ಕರ್ನಾಟಕದವರು ಬೇರೆ ಕೆಲವು ರಾಜ್ಯದವರಿಗಿಂತ ಅದೃಷ್ಟವಂತರು. ಮಾನಸಿಕ ಆರೋಗ್ಯಕ್ಕೆಂದೇ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದ ಬಳ್ಳಾರಿಯ ಪ್ರಯೋಗ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮುಂಚೆ ನಿಮ್ಮ ಆಸ್ಪತ್ರೆಯಲ್ಲಿ ದಿನ ಕೇಳಿಕೊಳ್ಳಿ. ದೊಡ್ಡ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಬೇಗ ಹೋಗಿ ಕಾಯಬೇಕಾಗುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಮನಸ್ಸಾಗುತ್ತಿಲ್ಲ ಎಂದರೆ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನಂಬರ್ 14416. ದಿನದ 24 ಗಂಟೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳುತ್ತಾ ಎದ್ದು ಕೂತವರಿಗೆ, ಮಗನ ಮೇಲೆ ಕೈ ಮಾಡಿ ಅಳುತ್ತಾ ಕೂತವರಿಗೆ ಇದು ಅಲ್ಲೇ ಸಿಗುವ ಮೊದಲ ದಾರಿ. ಬದುಕೇ ಬೇಡ ಎನಿಸುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕರೆ ಮಾಡಿ, ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವಾಗಿನಿಂದ, ವಾರಕ್ಕೆ ಎಷ್ಟು ಸಲ, ನಿದ್ದೆ ಎಷ್ಟು, ಕುಡಿತ ಇದೆಯಾ, ಈಗ ತೆಗೆದುಕೊಳ್ಳುತ್ತಿರುವ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಹೆಸರು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ. ಡಾಕ್ಟರ್ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ, ಹಾಳೆ ಇದ್ದರೆ ಓದಿ ಹೇಳಬಹುದು. ಬರಲು ಒಪ್ಪದ ಅಪ್ಪನನ್ನೋ ಗಂಡನನ್ನೋ "ನಿಮಗೆ ಕೋಪದ ಕಾಯಿಲೆ ಇದೆ, ಬನ್ನಿ" ಎಂದು ಕರೆದರೆ ಬರುವುದಿಲ್ಲ. "ರಾತ್ರಿ ನಿಮಗೆ ಸರಿಯಾಗಿ ನಿದ್ದೆ ಬರ್ತಿಲ್ಲ, ಒಂದ್ಸಲ ತೋರಿಸ್ಕೊಂಡು ಬರೋಣ, ನಾನೂ ಬರ್ತೀನಿ" ಎಂದು ಕೇಳಿ ನೋಡಿ. ನಿದ್ದೆಯ ವಿಷಯಕ್ಕೆ ಡಾಕ್ಟರ್ ಹತ್ತಿರ ಬರಲು ಹೆಚ್ಚಿನವರು ಒಪ್ಪುತ್ತಾರೆ. ಉಳಿದ ಪ್ರಶ್ನೆಗಳನ್ನು ಡಾಕ್ಟರೇ ಕೇಳುತ್ತಾರೆ.